ಕಂಪನಿ ಪೇಟಿಯ ಎತ್ತರದ ಷಡ್ಜ

ನಮ್ಮ ಕಡೆ ಮಗುವಿಗೆ ವಾದ್ಯ ಆರಿಸಿ ಕೊಡಿಸುವ ರೂಢಿಯೇ ಇರಲಿಲ್ಲ. ಮನೆಗೆ ಯಾವುದು ಬಂತೋ ಅದನ್ನೇ ಮಗು ನುಡಿಸಬೇಕು. ಬಂದದ್ದು ಬಹುಪಾಲು ಪೇಟಿ, ಅಂದರೆ ಹಾರ್ಮೋನಿಯಂ, ಅದೂ ಹಳೇದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಸಂಗೀತ ಕಲಿತ ನನ್ನ ವಾರಗೆಯವರನ್ನು ವಿಚಾರಿಸಿ ನೋಡಿ, ಒಬ್ಬೊಬ್ಬರ ಪೇಟಿಗೂ ಒಂದು ಪೂರ್ವಾಶ್ರಮ ಇರುತ್ತದೆ. ಮುಚ್ಚಿದ ನಾಟಕ ಕಂಪನಿಯದು, ಜಗಳವಾಡಿ ಒಡೆದ ಭಜನಾ ಸಂಘದ್ದು, ತೀರಿಹೋದ ಗವಾಯಿಯದು.

ಈಗ ಹಾಗಿಲ್ಲ. ಹೋದ ವರ್ಷ ಗಂಗಾವತಿಯ ಅಕ್ಕಿ ಗಿರಣಿಯ ಗುಮಾಸ್ತರೊಬ್ಬರು ಎಂಟು ವರ್ಷದ ಮಗಳನ್ನು ಕರೆದುಕೊಂಡು ಕುಷ್ಟಗಿಗೆ ನನ್ನ ಮನೆತನಕ ಬಂದರು. "ಮಾಸ್ತರ, ಹುಡುಗಿಗೆ ಪಿಯಾನೋ ಕೊಡಸಬೇಕಂತ ಮಾಡೀನ್ರಿ. ಯಾವುದು ಛಲೋ, ನೀವೇ ಹೇಳ್ರಿ" ಅಂದರು. ಅವರ ಮನಸ್ಸಿನಲ್ಲಿದ್ದದ್ದು ಕ್ಯಾಸಿಯೋ ಕೀಬೋರ್ಡು. ಖರೇ ಪಿಯಾನೋ ಅಂದರೆ 88 ಪಟ್ಟಿ, 200ಕ್ಕೂ ಹೆಚ್ಚು ತಂತಿ, ಗೋಡೆಗೆ ಒರಗಿಸಿ ಇಡುವಂಥದ್ದೇ ಎರಡು ಕ್ವಿಂಟಲ್ ತೂಗುತ್ತದೆ. ಶ್ರುತಿ ಕೂಡಿಸುವವರನ್ನು ಬೆಂಗಳೂರಿನಿಂದ ಕರೆಸಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಬಾಗಿಲ ಚೌಕಟ್ಟೇ ಬಾಯಿ ಬಿಡುತ್ತದೆ, ಇನ್ನು ಪಿಯಾನೋದ ಹಲಗೆ ಉಳಿದೀತೆ? ಅಷ್ಟು ಹೇಳಿ ಕಳಿಸಬಹುದಿತ್ತು. ಆದರೆ ಮಗುವಿಗೆ ಯಾವುದು ಒಳ್ಳೇದು ಎಂದು ಒಬ್ಬ ತಂದೆ ಕೇಳಿದ್ದೇ ನನಗೆ ಹೊಸದು. ಕೂಡಿಸಿಕೊಂಡು ಪೇಟಿಯ ಕತೆ ಹೇಳಿದೆ.

ಹಾರ್ಮೋನಿಯಂಗೆ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ ಪೇಟೆಂಟ್ ಪಡೆದದ್ದು 1842ರಲ್ಲಿ. ಅದು ಕುರ್ಚಿಯ ಮೇಲೆ ಕೂತು ಕಾಲಿನಿಂದ ತಿದಿ ಒತ್ತಿ ನುಡಿಸುವ ವಾದ್ಯ. ಕಲ್ಕತ್ತೆಯಲ್ಲಿ 1875ರಲ್ಲಿ ದ್ವಾರ್ಕಿನ್ ಅಂಗಡಿ ತೆರೆದ ದ್ವಾರಕಾನಾಥ ಘೋಷರು ಮುಂದೆ ತಿದಿಯನ್ನು ಪೆಟ್ಟಿಗೆಯ ಬೆನ್ನಿಗೆ ತಂದರು. ಹಾಡುವವರು ನೆಲಕ್ಕೆ ಕೂತು ಎಡಗೈಯಲ್ಲಿ ಗಾಳಿ ಹಾಕುತ್ತ ಬಲಗೈಯಲ್ಲಿ ನುಡಿಸುವ ಹಾಗಾಯಿತು. ನಾಟಕ ಕಂಪನಿಯವರು ಮಾತ್ರ ಕಾಲುಪೇಟಿಯನ್ನು ಬಿಡಲಿಲ್ಲ. ಎರಡೂ ಕೈ ಖಾಲಿ ಇರುತ್ತವೆ, ದನಿ ಕೊನೇ ಸಾಲಿನ ತನಕ ಮುಟ್ಟುತ್ತದೆ.

ನಮ್ಮ ಸೀಮೆ ಆಗ ನಿಜಾಮರದು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗರ ಜಹಗೀರು. ಹಾಡು ಬರುತ್ತಿದ್ದದ್ದು ಗಡಿಯಾಚೆಯ ಮುಂಬಯಿ ಇಲಾಖೆಯಿಂದ, ಗದಗ ಹುಬ್ಬಳ್ಳಿಯ ದಾರಿಯಲ್ಲಿ. ಹುಬ್ಬಳ್ಳಿಯಿಂದ ಗುಂತಕಲ್ಲಿಗೆ ಹೋಗುವ ರೈಲು ಕೊಪ್ಪಳಕ್ಕೆ ಬಂದ ಮೇಲೆ ಕಂಪನಿಗಳ ಪರದೆ, ಪೇಟಿ, ಸಾಮಾನೆಲ್ಲ ಆ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದವು. ಅಲ್ಲಿಂದ ಮುಂದೆ ಚಕ್ಕಡಿ. (ಕುಷ್ಟಗಿಗೆ ರೈಲು ಬಂದದ್ದು 2025ರಲ್ಲಿ, ಅಷ್ಟರಲ್ಲಿ ಹೆಚ್ಚಿನ ಕಂಪನಿಗಳು ಮುಚ್ಚಿಹೋಗಿದ್ದವು.) ಕಂಪನಿ ಬರುತ್ತಿದ್ದದ್ದು ಪುಷ್ಯದಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ, ಬೇಸಿಗೆಯಲ್ಲಿ ಹುಲಿಗೆಮ್ಮನ ಜಾತ್ರೆಗೆ. ತುಂಗಭದ್ರೆಗೆ ಅಣೆಕಟ್ಟು ಆಗಿ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಗಂಗಾವತಿಯಲ್ಲಿ ಭತ್ತದ ದುಡ್ಡು ಓಡಾಡತೊಡಗಿ, ಸುಗ್ಗಿ ಮುಗಿದರೆ ಅಲ್ಲೂ ಕಂಪನಿಯ ಠಿಕಾಣಿ ಬೀಳುತ್ತಿತ್ತು. ಕುಕನೂರಂತೂ ಕಲಾವಿದರದೇ ಊರು. ಗಾಯಕ ನಟಿ ರಹಿಮಾನವ್ವ ಕಲ್ಮನಿ ಅಲ್ಲಿಯವರು.

ಪೇಟಿಯ ಜೊತೆಗೇ ಬಂದ ಇನ್ನೊಂದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ, ಅದು ಎತ್ತರದ ಶ್ರುತಿ. ಮೈಕು ಇಲ್ಲದ ಕಾಲ. ತಗಡಿನ ಥೇಟರಿನಲ್ಲಿ ನೆಲದ ಟಿಕೀಟಿನವನಿಗೂ ಹಾಡು ಕೇಳಬೇಕು. ಗಂಡಸರು ಸಹ ಕರಿ ಮೂರಕ್ಕೋ ಕರಿ ನಾಲ್ಕಕ್ಕೋ, ಅಂದರೆ ಸಪ್ತಕದ ಮೂರನೇ ಇಲ್ಲವೇ ನಾಲ್ಕನೇ ಕರಿ ಪಟ್ಟಿಗೆ, ಷಡ್ಜ ಹಿಡಿದು ಕೂಗಿ ಹಾಡುತ್ತಿದ್ದರು. ಗಂಡು ದನಿ ಸುಖವಾಗಿ ನಿಲ್ಲುವುದು ಬಿಳಿ ಒಂದು, ಕರಿ ಒಂದರ ಆಸುಪಾಸಿನಲ್ಲಿ. ಷಡ್ಜ ಬದಲಾದರೆ ಪೇಟಿಯ ಮೇಲೆ ಬೆರಳಿನ ಓಟವೆಲ್ಲ ಬದಲಾಗುತ್ತದೆ. ಕರಿ ಪಟ್ಟಿಯಿದ್ದ ಕಡೆ ಬಿಳಿ ಬರುತ್ತದೆ. ಕರಿ ನಾಲ್ಕರಲ್ಲಿ ಕೈ ಪಳಗಿದ ಮಾಸ್ತರ ಕರಿ ಒಂದಕ್ಕೆ ಇಳಿಯಲಾರ. ಹಾಗಾಗಿ ಹಾಡುವವನ ಗಂಟಲು ನುಡಿಸುವವನ ಬೆರಳಿಗೆ ಹೊಂದಿಕೊಳ್ಳಬೇಕಾಯಿತು. ಕಂಪನಿ ಮುಚ್ಚಿ ಮಾಸ್ತರರು ಹಳ್ಳಿ ಸೇರಿದರು, ಭಜನೆ ಕಲಿಸಿದರು, ಸಣ್ಣಾಟಕ್ಕೆ ಕೂತರು. ಬೆರಳು ಅದೇ, ಷಡ್ಜವೂ ಅದೇ.

ನಾನು ಯಲಬುರ್ಗಾ ತಾಲೂಕಿನ ಹಳ್ಳಿಯಲ್ಲಿ ಅಂಥದೇ ಪೇಟಿಯ ಮುಂದೆ ಕೂತವನು. ಅಪ್ಪ ಅದನ್ನು ಕೊಪ್ಪಳ ಜಾತ್ರೆಯಲ್ಲಿ ದಿವಾಳಿ ಎದ್ದ ಕಂಪನಿಯವರಿಂದ ತಂದಿದ್ದ. ಸಣ್ಣವನಿದ್ದಾಗ ಎತ್ತರದ ಶ್ರುತಿ ತೊಡಕೆನಿಸಲಿಲ್ಲ. ಮೀಸೆ ಚಿಗುರದ ಹುಡುಗರ ದನಿ ಹೆಂಗಸರ ದನಿಯ ಎತ್ತರದಲ್ಲೇ ಇರುತ್ತದಲ್ಲ. ದನಿ ಒಡೆದ ಮೇಲೂ ಅಲ್ಲೇ ಹಾಡಿಸಿದರು. ನನ್ನ ಜೊತೆಯ ಎಷ್ಟೋ ಹುಡುಗರ ಗಂಟಲು ಹಾಗೇ ಹಾಳಾಯಿತು, ಊರವರು ದೃಷ್ಟಿ ತಾಗಿತು ಅಂದರು. ನನ್ನನ್ನು ಉಳಿಸಿದವರು ಶ್ರಾವಣದ ಪುರಾಣಕ್ಕೆ ನಮ್ಮೂರ ಮಠಕ್ಕೆ ಬರುತ್ತಿದ್ದ ಗವಾಯಿಗಳು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು, ಕಣ್ಣು ಕಾಣದವರು. ನನ್ನ ಒಂದು ಆಲಾಪ ಕೇಳಿ, "ತಮ್ಮಾ, ಇದು ನಿನ್ನ ಮನಿ ಅಲ್ಲ" ಎಂದು ನನ್ನ ಬೆರಳು ಹಿಡಿದು ಕರಿ ಒಂದರ ಮೇಲೆ ಇಟ್ಟರು.

ಆ ಆಶ್ರಮದ ಋಣ ನಮ್ಮ ಜಿಲ್ಲೆಯ ಮೇಲೆ ದೊಡ್ಡದು. ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿದ ಮೇಲೆ ಪುಟ್ಟರಾಜ ಗವಾಯಿಗಳು 2010ರ ತನಕ ಅದನ್ನು ನಡೆಸಿದರು. ಆಶ್ರಮಕ್ಕೂ ನಾಟಕ ಕಂಪನಿ ಇತ್ತು, ಅಂಧ ಮಕ್ಕಳ ಅನ್ನಕ್ಕಾಗಿ ನಾಟಕ ಆಡುತ್ತಿದ್ದರು. ಆದರೂ ಅಲ್ಲಿ ಕಲಿತವರಿಗೆ ಮೊದಲು ಷಡ್ಜ, ಆಮೇಲೆ ಪೇಟಿ.

ಇಷ್ಟೆಲ್ಲ ನಡೆಯುವಾಗ ಆಕಾಶವಾಣಿಗೆ ಪೇಟಿ ಬೇಡವಾಗಿತ್ತು. 1940ರ ಮಾರ್ಚ್ 1ರಿಂದ ಬಹಿಷ್ಕಾರ. ಪಟ್ಟಿಗಳ ಶ್ರುತಿ ಗಟ್ಟಿಯಾಗಿ ಕೂತಿರುವುದರಿಂದ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಬರುವುದಿಲ್ಲ, ನಮ್ಮ ರಾಗಗಳ ಸೂಕ್ಷ್ಮ ಸಿಗುವುದಿಲ್ಲ ಎಂಬ ಆಕ್ಷೇಪ. ಧಾರವಾಡ ಕೇಂದ್ರ 1950ರಲ್ಲಿ ಶುರುವಾದಾಗಲೂ ಬಹಿಷ್ಕಾರ ಜಾರಿಯಲ್ಲಿತ್ತು, ಸಡಿಲಾದದ್ದು 1971ರ ಹೊತ್ತಿಗೆ. ಆಕ್ಷೇಪ ಸುಳ್ಳಲ್ಲ, ಪಿಯಾನೋಕ್ಕೂ ಅದೇ ಮಾತು ಸಲ್ಲುತ್ತದೆ. ಆದರೆ ಬೆಳಗಾವಿಯ ರಾಮಭಾವು ಬಿಜಾಪುರೆಯವರ ಪೇಟಿ ಕೇಳಿದವರು ಆ ತಕರಾರನ್ನು ಮರೆಯುತ್ತಿದ್ದರು. ನಮ್ಮ ಹಳ್ಳಿಗಳಿಗಂತೂ ಬಹಿಷ್ಕಾರದ ಸುದ್ದಿಯೇ ಮುಟ್ಟಲಿಲ್ಲ.

ಗುಮಾಸ್ತರಿಗೆ ಹೇಳಿದ್ದು ಇಷ್ಟು. ವಾದ್ಯಕ್ಕಿಂತ ಮೊದಲು ಹುಡುಗಿಯ ದನಿ ಎಲ್ಲಿ ನಿಲ್ಲುತ್ತದೆ ಅಂತ ನೋಡೋಣ. ಅದಕ್ಕೆ ಫೋನಿನಲ್ಲಿ ಸಿಗುವ ತಂಬೂರಿ ಸಾಕು. ಹಾಡು ಕಲಿಯುವುದಾದರೆ 37 ಪಟ್ಟಿಯ, ಎರಡು ಸಾಲು ರೀಡಿನ ಪೇಟಿ ತಗೊಳ್ಳಿ. ಮೂರು ಸಾಲಿನದು ಎಳೆ ದನಿಯನ್ನು ನುಂಗಿಬಿಡುತ್ತದೆ. ಷಡ್ಜ ಬದಲಿಸಬಹುದಾದ ಸ್ಕೇಲ್ ಚೇಂಜರ್ ಪೇಟಿ ಬೇಡ, ಭಾರ ಹೆಚ್ಚು, ರಿಪೇರಿಯೂ ಹೆಚ್ಚು. ಅಂಗಡಿಯಲ್ಲಿ ತಿದಿ ತುಂಬಿಸಿ, ಯಾವ ಪಟ್ಟಿಯನ್ನೂ ಒತ್ತದೆ ಸುಮ್ಮನೆ ನೋಡಿ; ಬೇಗ ಕುಸಿದರೆ ಎಲ್ಲೋ ಗಾಳಿ ಸೋರುತ್ತಿದೆ. ಹಳೇದಾದರೆ ಒಳಗೆ ಇಲಿ ಚರ್ಮ ಕಡಿದಿದೆಯೋ ನೋಡಿ, ರೀಡಿನ ಮೇಲೆ ಅರ ಆಡಿಸಿದ ಗೆರೆ ಎಷ್ಟಿವೆ ಎಣಿಸಿ. ತುದಿ ಅರೆದರೆ ಸ್ವರ ಏರುತ್ತದೆ, ಬುಡ ಅರೆದರೆ ಇಳಿಯುತ್ತದೆ. ಬಹಳ ಸಲ ಅರೆಸಿಕೊಂಡ ರೀಡು ಒಂದಲ್ಲ ಒಂದು ದಿನ ಮುರಿಯುತ್ತದೆ.

ಎಲ್ಲ ಕೇಳಿಕೊಂಡು ಹುಬ್ಬಳ್ಳಿಗೆ ಹೋದವರು ಕೀಬೋರ್ಡನ್ನೇ ತಂದರು. ಹುಡುಗಿಯ ಹಟ. ನನಗೇನೂ ಬೇಜಾರಿಲ್ಲ. ಅದರಲ್ಲಿ ಟ್ರಾನ್ಸ್‌ಪೋಸ್ ಅಂತ ಒಂದು ಗುಂಡಿ ಇದೆ. ಬೆರಳು ಇದ್ದಲ್ಲೇ ಇದ್ದು ಷಡ್ಜ ಮಾತ್ರ ಏರುತ್ತದೆ, ಇಳಿಯುತ್ತದೆ. ಆ ಗುಂಡಿಯನ್ನು ಸದ್ಯಕ್ಕೆ ನಾನೇ ಒತ್ತುತ್ತೇನೆ, ಮಗಳು ಮುಟ್ಟಬಾರದು ಅಂತ ಗುಮಾಸ್ತರಿಗೆ ತಾಕೀತು ಮಾಡಿದ್ದೇನೆ.