ಸಂಬಳಕ್ಕೆ ಬೇಲಿ, ಆಟಗಾರನಿಗೆ ಬಾಗಿಲು

ಫೋನಿನಲ್ಲಿ ಕ್ರಿಕೆಟ್ ತಂಡ ಕಟ್ಟುವ ಆಟ ಆಡಿದವರಿಗೆ ಈ ಲೆಕ್ಕ ಗೊತ್ತು. 100 ಕ್ರೆಡಿಟ್ ಕೊಡ್ತಾರೆ, ಅಷ್ಟರಲ್ಲೇ 11 ಜನರನ್ನು ಆರಿಸಬೇಕು. ಇಬ್ಬರು ಮೂವರು ದುಬಾರಿ ಆಟಗಾರರನ್ನು ತಗೊಂಡರೆ ಉಳಿದ ಜಾಗಕ್ಕೆ ಅಗ್ಗದವರನ್ನು ಹುಡುಕಬೇಕು. ಪಾಯಿಂಟ್ ಲೆಕ್ಕದಲ್ಲಿ ಹರಾಜು ಕೂಗುವ ಊರಿನ ಟೂರ್ನಮೆಂಟುಗಳಲ್ಲೂ ಇದೇ ಕಥೆ.

ಕಂಪ್ಯೂಟರಿನಲ್ಲಿ ಬ್ಯಾಸ್ಕೆಟ್‌ಬಾಲ್ ಲೀಗ್ ನಡೆಸುವ ಆಟಗಳೂ ಇವೆ. ಪ್ರತಿಯೊಬ್ಬರೂ ಒಂದೊಂದು ತಂಡದ ಮಾಲೀಕರಾಗಿ, ವರ್ಷಗಟ್ಟಲೆ ತಂಡ ನಡೆಸುತ್ತಾರೆ. ಅಂಥ ಲೀಗ್ ಶುರು ಮಾಡುವವರು ಮೊದಲು ಕೂತು ತೀರ್ಮಾನಿಸುವುದು ಎರಡು ವಿಷಯ. ಒಂದು, ಸ್ಯಾಲರಿ ಕ್ಯಾಪ್: ಒಂದು ತಂಡ ಒಟ್ಟು ಎಷ್ಟು ಸಂಬಳ ಕೊಡಬಹುದು ಅನ್ನುವ ಮಿತಿ. ಇನ್ನೊಂದು, ಫ್ರೀ ಏಜೆನ್ಸಿ: ಕರಾರು ಮುಗಿದ ಆಟಗಾರ ಯಾವಾಗ, ಹೇಗೆ ಬೇರೆ ತಂಡಕ್ಕೆ ಹೋಗಬಹುದು ಅನ್ನುವ ನಿಯಮ.

ಪರದೆಯ ಮೇಲೆ ಇವೆರಡೂ ಅಕ್ಕಪಕ್ಕದ ಸ್ವಿಚ್‌ಗಳ ಹಾಗೆ ಕಾಣುತ್ತವೆ. ಇವು ಹುಟ್ಟಿದ ಅಮೆರಿಕದ ಎನ್‌ಬಿಎ ಲೀಗಿನಲ್ಲಿ ಮಾತ್ರ ಎದುರುಬದುರು ನಿಂತ ಎರಡು ಪಕ್ಷಗಳ ಬೇಡಿಕೆಗಳಾಗಿದ್ದವು. ಫ್ರೀ ಏಜೆನ್ಸಿ ಆಟಗಾರರು ಕೇಳಿದ್ದು. ಕ್ಯಾಪ್ ಮಾಲೀಕರು ಕೇಳಿದ್ದು. ಒಂದನ್ನು ಕೊಟ್ಟು ಇನ್ನೊಂದನ್ನು ತಗೊಂಡ ವ್ಯಾಪಾರ ಇದು.

ಎನ್‌ಬಿಎ ತನ್ನ ಹುಟ್ಟಿನ ವರ್ಷ ಅಂತ ಎಣಿಸುವುದು 1946. ಆ ಮೊದಲ ಋತುವಿನಲ್ಲೇ ತಂಡಕ್ಕೆ 55,000 ಡಾಲರ್ ಮಿತಿ ಇತ್ತು. ಒಂದೇ ವರ್ಷಕ್ಕೆ ಅದನ್ನು ಕೈಬಿಟ್ಟರು. ಮಾಲೀಕರಿಗೆ ಅದರ ಅಗತ್ಯ ಅಷ್ಟಾಗಿ ಇರಲೂ ಇಲ್ಲ, ಯಾಕೆಂದರೆ ಅವರ ಕೈಯಲ್ಲಿ ಅದಕ್ಕಿಂತ ಗಟ್ಟಿಯಾದ ಹಗ್ಗ ಇತ್ತು. ಆಟಗಾರನ ಕರಾರಿನಲ್ಲೇ ಒಂದು ಷರತ್ತು ಬರೆದಿರುತ್ತಿತ್ತು: ಅವಧಿ ಮುಗಿದ ಮೇಲೆ ಅದನ್ನು ಮುಂದುವರಿಸುವ ಹಕ್ಕು ತಂಡದ್ದು. ಕಾಗದದ ಮೇಲೆ ಒಂದು ವರ್ಷದ ಕರಾರು, ನಿಜದಲ್ಲಿ ಆಟ ಬಿಡುವವರೆಗಿನ ಕರಾರು. ಸಂಬಳ ಸಾಲದು ಅನ್ನಿಸಿದರೆ ಆಟ ಬಿಟ್ಟು ಮನೆಗೆ ಹೋಗಬಹುದಿತ್ತು, ಇನ್ನೊಂದು ತಂಡಕ್ಕೆ ಹೋಗುವಂತಿರಲಿಲ್ಲ.

ಇದನ್ನು ಜೀತ ಅಂದರೆ ತಪ್ಪಾಗುತ್ತದೆ. ನಮ್ಮಲ್ಲಿ ಜೀತ ಅಂದರೆ ಏನು ಅಂತ ನೋಡಿದ ಹಿರಿಯರು ಇನ್ನೂ ಇದ್ದಾರೆ. ಇವರು ಸಂಬಳ ಪಡೆಯುತ್ತಿದ್ದ, ಹೆಸರು ಮಾಡಿದ ಜನ. ಆದರೆ ಕೆಲಸ ಬದಲಿಸುವ ಹಕ್ಕು ಇಲ್ಲದವನು ಕೂಲಿ ಚೌಕಾಸಿ ಮಾಡುವುದು ಹೇಗೆ? ಆ ಪ್ರಶ್ನೆ ಎಲ್ಲ ಕಡೆ ಒಂದೇ.

ಬಾಬ್ ಕೂಸಿ ಎಂಬ ಆಟಗಾರ 1954ರಲ್ಲಿ ಆಟಗಾರರ ಸಂಘ ಕಟ್ಟಿದ. ವರ್ಷಗಳ ಕಾಲ ಆ ಸಂಘದ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಿವಿಗೆ ಹಾಕಿಕೊಳ್ಳುವ ಹಾಗೆ ಮಾಡಿದ್ದು 1964ರ ಜನವರಿ 14ರ ರಾತ್ರಿ.

ಅವತ್ತು ಬೋಸ್ಟನ್‌ನಲ್ಲಿ ಆಲ್ ಸ್ಟಾರ್ ಪಂದ್ಯ. ಹೊರಗೆ ಹಿಮ ಸುರಿಯುತ್ತಿತ್ತು. ರಾತ್ರಿ ಎಲ್ಲರೂ ಮನೆಯಲ್ಲಿರುವ ಹೊತ್ತಿಗೆ ಇಡೀ ದೇಶಕ್ಕೆ ಟಿವಿಯಲ್ಲಿ ನೇರ ಪ್ರಸಾರ, ಅದೂ ಮೊದಲ ಸಲ. ಬಿಲ್ ರಸೆಲ್, ವಿಲ್ಟ್ ಚೇಂಬರ್ಲಿನ್, ಜೆರ್ರಿ ವೆಸ್ಟ್, ಎಲ್ಜಿನ್ ಬೇಲರ್, ಆಸ್ಕರ್ ರಾಬರ್ಟ್‌ಸನ್, ಹೀಗೆ ಆ ಕಾಲದ ದೊಡ್ಡ ಆಟಗಾರರೆಲ್ಲ ಒಳಗಿನ ಕೋಣೆಯಲ್ಲಿ ಕೂತರು. ಪಿಂಚಣಿ ಕೊಡುತ್ತೇವೆ ಅಂತ ಮಾತು ಕೊಡುವವರೆಗೆ ಅಂಗಳಕ್ಕೆ ಇಳಿಯುವುದಿಲ್ಲ ಅಂದರು. ಲೇಕರ್ಸ್ ತಂಡದ ಮಾಲೀಕ ತನ್ನ ಆಟಗಾರರಿಗೆ ಬೆದರಿಕೆಯ ಮಾತು ಹೇಳಿ ಕಳಿಸಿದ. ಅದನ್ನು ಕೇಳಿ ಕೋಣೆಯಲ್ಲಿದ್ದವರು ಇನ್ನಷ್ಟು ಗಟ್ಟಿಯಾದರು. ಟಿವಿಯವರು ಕಾಯುತ್ತಿದ್ದಾರೆ, ಜನ ಕಾಯುತ್ತಿದ್ದಾರೆ. ಕೊನೆಗೆ ಲೀಗಿನ ಮುಖ್ಯಸ್ಥ ವಾಲ್ಟರ್ ಕೆನಡಿ ತಾನೇ ಬಂದು ಮಾತು ಕೊಟ್ಟ. ಪಂದ್ಯ ತಡವಾಗಿ ಶುರುವಾಯಿತು. ಅತ್ಯುತ್ತಮ ಆಟಗಾರ ಪ್ರಶಸ್ತಿ ಆಸ್ಕರ್ ರಾಬರ್ಟ್‌ಸನ್‌ಗೆ ಬಂತು.

ಈ ರಾಬರ್ಟ್‌ಸನ್ ಬಗ್ಗೆ ಸ್ವಲ್ಪ ಹೇಳಬೇಕು. 1938ರಲ್ಲಿ ಟೆನೆಸಿ ರಾಜ್ಯದಲ್ಲಿ ಹುಟ್ಟಿದ ಕಪ್ಪು ಜನಾಂಗದ ಹುಡುಗ, ಬೆಳೆದದ್ದು ಇಂಡಿಯಾನಾಪೊಲಿಸ್ ನಗರದ ಬಡ ಕೇರಿಯಲ್ಲಿ. ಓದಿದ್ದು ಕ್ರಿಸ್ಪಸ್ ಅಟಕ್ಸ್ ಹೈಸ್ಕೂಲಿನಲ್ಲಿ, ಅದು ಕಪ್ಪು ಮಕ್ಕಳಿಗೆಂದೇ ಪ್ರತ್ಯೇಕ ಮಾಡಿದ್ದ ಶಾಲೆ. 1955ರಲ್ಲಿ ಆ ಶಾಲೆ ಇಂಡಿಯಾನಾ ರಾಜ್ಯದ ಚಾಂಪಿಯನ್ ಆಯಿತು. ಗೆದ್ದ ತಂಡ ನಗರದ ಮಧ್ಯದಲ್ಲಿ ಮೆರವಣಿಗೆ ಮಾಡಿ ಸಂಭ್ರಮಿಸುವುದು ವಾಡಿಕೆ. ಇವರ ಮೆರವಣಿಗೆಯನ್ನು ಅಲ್ಲಿ ನಿಲ್ಲಗೊಡದೆ ಕಪ್ಪು ಜನರ ಕೇರಿಯ ಪಾರ್ಕಿಗೆ ತಿರುಗಿಸಿದರು. ಎಲ್ಲಿ ಹೋಗಬೇಕು, ಎಲ್ಲಿ ಹೋಗಬಾರದು ಅಂತ ಬೇರೆಯವರು ತೀರ್ಮಾನಿಸುವುದು ಏನು ಅಂತ ಆತನಿಗೆ 16ನೇ ವಯಸ್ಸಿನಲ್ಲೇ ಗೊತ್ತಾಗಿತ್ತು.

1965ರಲ್ಲಿ ಆತ ಸಂಘದ ಅಧ್ಯಕ್ಷನಾದ. ಜೊತೆಗೆ ವಕೀಲ ಲ್ಯಾರಿ ಫ್ಲೈಷರ್. 1967ರಲ್ಲಿ ಎಬಿಎ ಎಂಬ ಎದುರಾಳಿ ಲೀಗ್ ಹುಟ್ಟಿತು. ಎರಡು ಅಂಗಡಿ ಬಂದರೆ ರೈತನ ಮಾಲಿಗೆ ಬೆಲೆ ಏರುವ ಹಾಗೆ ಆಟಗಾರರ ಸಂಬಳ ಹಲವು ಪಟ್ಟು ಏರಿತು. ಮಾಲೀಕರಿಗೆ ಸಂಕಟ. 1970ರಲ್ಲಿ ಎರಡೂ ಲೀಗ್ ಒಂದಾಗಲು ಹೊರಟವು. ಒಂದಾದರೆ ಮತ್ತೆ ಒಂದೇ ಅಂಗಡಿ. ಆ ಏಪ್ರಿಲಿನಲ್ಲಿ 14 ತಂಡಗಳ ಆಟಗಾರ ಪ್ರತಿನಿಧಿಗಳು ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆಗೆ ಅಧ್ಯಕ್ಷನ ಹೆಸರೇ ಬಂತು, ರಾಬರ್ಟ್‌ಸನ್ ಕೇಸು. ನ್ಯಾಯಾಲಯ ವಿಲೀನಕ್ಕೆ ತಡೆ ಹಾಕಿತು.

ಕೇಸು ಆರು ವರ್ಷ ಎಳೆಯಿತು. 1976ರಲ್ಲಿ ರಾಜಿಯಾಯಿತು. ಕರಾರು ಮುಗಿದ ಆಟಗಾರನನ್ನು ಕಟ್ಟಿ ಹಾಕುವ ಷರತ್ತು ಹೋಯಿತು. ಆದರೆ ಬಾಗಿಲು ಪೂರ್ತಿ ತೆರೆಯಲಿಲ್ಲ. ಮೊದಲ ಕೆಲವು ವರ್ಷ ಆಟಗಾರನನ್ನು ಕರೆದುಕೊಂಡ ತಂಡ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕಿತ್ತು. ಆಮೇಲೆ, ಹೊರಗಿನವರು ಕೊಟ್ಟ ಬೆಲೆಯನ್ನು ತಾನೂ ಕೊಟ್ಟು ಆಟಗಾರನನ್ನು ಉಳಿಸಿಕೊಳ್ಳುವ ಹಕ್ಕು ಹಳೆಯ ತಂಡಕ್ಕಿತ್ತು. ಐಪಿಎಲ್ ಹರಾಜಿನಲ್ಲಿ ಆರ್‌ಟಿಎಂ ಕಾರ್ಡ್ ಎತ್ತುವುದನ್ನು ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ. ರಾಬರ್ಟ್‌ಸನ್ 1974ಕ್ಕೇ ನಿವೃತ್ತನಾಗಿದ್ದ. ತನ್ನ ಹೆಸರಿನ ಹಕ್ಕನ್ನು ಆತ ಒಂದು ದಿನವೂ ಬಳಸಲಿಲ್ಲ.

ಕ್ಯಾಪ್ ಬಂದದ್ದು ಇದರ ನಂತರ. 1980ರ ಹೊತ್ತಿಗೆ ಲೀಗಿನ ಸ್ಥಿತಿ ಎಷ್ಟು ಕೆಟ್ಟಿತ್ತು ಅಂದರೆ ಮ್ಯಾಜಿಕ್ ಜಾನ್ಸನ್ 42 ಅಂಕ ಹೊಡೆದು ಪ್ರಶಸ್ತಿ ಗೆಲ್ಲಿಸಿದ ಫೈನಲ್ ಪಂದ್ಯವನ್ನೇ ಅಮೆರಿಕದ ಬಹುಪಾಲು ಜನ ಟಿವಿಯಲ್ಲಿ ತಡರಾತ್ರಿ ಮುದ್ರಿತ ಪ್ರಸಾರವಾಗಿ ನೋಡಬೇಕಾಯಿತು. ಹಲವು ತಂಡಗಳು ನಷ್ಟದಲ್ಲಿದ್ದವು. ಮಾಲೀಕರು ಸಂಬಳಕ್ಕೆ ಮಿತಿ ಹಾಕಿ ಅಂದರು. ಆಟಗಾರರು ಮುಷ್ಕರಕ್ಕೆ ಗಡುವು ಕೊಟ್ಟರು. 1983ರ ಮಾರ್ಚ್ ಕೊನೆಯಲ್ಲಿ ಒಪ್ಪಂದವಾಯಿತು.

ಆ ಒಪ್ಪಂದದ ಮುಖ್ಯ ಸಂಖ್ಯೆ ಎಷ್ಟೋ ಜನ ಅಂದುಕೊಂಡಂತೆ 36 ಲಕ್ಷ ಡಾಲರ್ ಅಲ್ಲ. ಅದು 1984-85ರ ಮೊದಲ ಕ್ಯಾಪ್, ಅಷ್ಟೇ. ಮುಖ್ಯ ಸಂಖ್ಯೆ ಶೇ. 53. ಲೀಗಿನ ಆದಾಯದಲ್ಲಿ ಅಷ್ಟು ಪಾಲು ಆಟಗಾರರಿಗೆ ಸಿಗಲೇಬೇಕು ಅಂತ ಬರೆಸಿಕೊಂಡು ಅವರು ಮಿತಿಗೆ ಒಪ್ಪಿದರು. ಬೇಲಿ ಹಾಕಿಸಿಕೊಂಡವರು ಬೆಳೆಯಲ್ಲಿ ಪಾಲು ಬರೆಸಿಕೊಂಡರು. ನನ್ನ ಮಟ್ಟಿಗೆ ಇದು ಕೆಟ್ಟ ವ್ಯಾಪಾರ ಅಲ್ಲ.

ಕಂಪ್ಯೂಟರ್ ಲೀಗುಗಳಲ್ಲಿ ಕಾಣೆಯಾಗುವುದು ಇದೇ ಭಾಗ. ಅಲ್ಲಿ ಎಲ್ಲರೂ ಮಾಲೀಕರು, ಆಟಗಾರರ ಕುರ್ಚಿಯಲ್ಲಿ ಯಾರೂ ಕೂತಿರುವುದಿಲ್ಲ. ಹಾಗಾಗಿ ಮಿತಿಯನ್ನು ಎಷ್ಟು ಬಿಗಿ ಮಾಡಿದರೂ ಕೇಳುವವರಿಲ್ಲ. ನಿಯಮದ ಸಂದುಗಳು ಬರೀ ಗೊಂದಲ ಅನ್ನಿಸುತ್ತವೆ.

ಅಂಥ ಸಂದುಗಳಲ್ಲಿ ಪ್ರಸಿದ್ಧವಾದದ್ದು ಬೋಸ್ಟನ್ನಿನ ಲ್ಯಾರಿ ಬರ್ಡ್ ಹೆಸರಿನದು. ತನ್ನದೇ ಆಟಗಾರನನ್ನು ಉಳಿಸಿಕೊಳ್ಳಲು ತಂಡ ಕ್ಯಾಪ್ ದಾಟಬಹುದು ಅಂತ ಅದರ ಅರ್ಥ. ಆಟಗಾರನಿಗೆ ಬೆಲೆ, ಊರಿನವರಿಗೆ ತಮ್ಮ ಪ್ರೀತಿಯ ಆಟಗಾರ, ಎರಡೂ ಉಳಿದವು. ಇದು ಎಷ್ಟು ದೂರ ಹೋಯಿತು ಅಂದರೆ 1997-98ರಲ್ಲಿ ಒಂದು ತಂಡದ ಕ್ಯಾಪ್ 2.69 ಕೋಟಿ ಡಾಲರ್, ಮೈಕಲ್ ಜೋರ್ಡನ್ ಒಬ್ಬನ ಸಂಬಳವೇ 3.3 ಕೋಟಿ.

ನಡುವೆ 1988ರಲ್ಲಿ ಇನ್ನೊಂದು ಕೇಸಿನ ರಾಜಿಯಿಂದ ಬಾಗಿಲು ಕೊನೆಗೂ ಪೂರ್ತಿ ತೆರೆಯಿತು. ಏಳು ವರ್ಷ ಆಡಿ ಎರಡನೇ ಕರಾರು ಮುಗಿಸಿದವರು ಯಾರ ತಡೆಯೂ ಇಲ್ಲದೆ ಹೋಗಬಹುದು. ಸಿಯಾಟಲ್‌ನ ಟಾಮ್ ಚೇಂಬರ್ಸ್ ಹಾಗೆ ಮೊದಲು ಹೊರಟು ಫೀನಿಕ್ಸ್ ಸೇರಿದ.

ಬೇಲಿ ಇದ್ದ ಕಡೆ ನುಸುಳುವವರೂ ಇರುತ್ತಾರೆ. ಮಿನೆಸೋಟ ತಂಡ ಜೋ ಸ್ಮಿತ್ ಎಂಬ ಆಟಗಾರನ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡಿತ್ತು: ಈಗ ಕಡಿಮೆ ಸಂಬಳಕ್ಕೆ ಆಡು, ಕ್ಯಾಪ್ ದಾಟುವ ಹಕ್ಕು ಬಂದ ಮೇಲೆ ದೊಡ್ಡ ಮೊತ್ತ ಕೊಡುತ್ತೇವೆ. 2000ದಲ್ಲಿ ಬಯಲಾಯಿತು. 35 ಲಕ್ಷ ಡಾಲರ್ ದಂಡ ಬಿತ್ತು, ಹೊಸ ಆಟಗಾರರನ್ನು ಆರಿಸುವ ಮೊದಲ ಸುತ್ತಿನ ಹಕ್ಕು ಹಲವು ವರ್ಷ ಹೋಯಿತು.

1998ರಲ್ಲಿ ಮಾಲೀಕರು ಲೀಗಿಗೇ ಬೀಗ ಹಾಕಿದರು. ಆರು ತಿಂಗಳ ಮೇಲೆ ಬೀಗ ತೆಗೆದಾಗ 82 ಪಂದ್ಯಗಳ ಋತು 50ಕ್ಕೆ ಇಳಿದಿತ್ತು. ಒಬ್ಬ ಆಟಗಾರನ ಸಂಬಳಕ್ಕೂ ಮೇಲ್ಮಿತಿ ಬಂದಿತ್ತು.

ಲೀಗ್ ಕಟ್ಟುವ ಆಟ ಆಡುವವರು ಗಮನಿಸಬೇಕಾದದ್ದು 2016ರ ಘಟನೆ. ಹೊಸ ಟಿವಿ ಒಪ್ಪಂದದಿಂದ ಆದಾಯ ಒಮ್ಮೆಲೇ ಉಕ್ಕಿತು. ಏರಿಕೆಯನ್ನು ಕೆಲವು ವರ್ಷಗಳಿಗೆ ಹಂಚೋಣ ಅಂತ ಲೀಗ್ ಕೇಳಿತ್ತು, ಸಂಘ ಒಪ್ಪಲಿಲ್ಲ. ನಮ್ಮ ಪಾಲನ್ನು ನಾಳೆಗೆ ಯಾಕೆ ಬಿಡಬೇಕು ಅನ್ನುವುದು ಕೂಲಿಯವರ ದೃಷ್ಟಿಯಲ್ಲಿ ಸರಿಯೇ. ಕ್ಯಾಪ್ 7 ಕೋಟಿಯಿಂದ ಒಂದೇ ವರ್ಷದಲ್ಲಿ 9.41 ಕೋಟಿ ಡಾಲರಿಗೆ ಹಾರಿತು. ಆಗಷ್ಟೇ 73 ಪಂದ್ಯ ಗೆದ್ದಿದ್ದ ಗೋಲ್ಡನ್ ಸ್ಟೇಟ್ ತಂಡಕ್ಕೂ ಜಾಗ ಸಿಕ್ಕಿತು. ಅದು ಒಕ್ಲಹೋಮಾದ ಕೆವಿನ್ ಡುರಾಂಟ್‌ನನ್ನು ಕರೆತಂದು ಮುಂದಿನ ಎರಡೂ ವರ್ಷ ಪ್ರಶಸ್ತಿ ಗೆದ್ದಿತು. ಆ ಬೇಸಿಗೆಯಲ್ಲಿ ಸಾಧಾರಣ ಆಟಗಾರರಿಗೂ ಭಾರಿ ಕರಾರು ಸಿಕ್ಕಿದವು. ಒಂದು ವರ್ಷ ತಡವಾಗಿ ಕರಾರು ಮುಗಿದವರಿಗೆ ಆ ಸುಗ್ಗಿ ಇರಲಿಲ್ಲ.

2023ರ ಒಪ್ಪಂದದಲ್ಲಿ ಎರಡೂ ಕಡೆಯವರು ಸೇರಿ ಅದಕ್ಕೊಂದು ಗೆರೆ ಎಳೆದರು: ಕ್ಯಾಪ್ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರುವಂತಿಲ್ಲ. 2025-26ರಿಂದ ಇನ್ನೂ ದೊಡ್ಡ ಟಿವಿ ಒಪ್ಪಂದ ಜಾರಿಗೆ ಬಂತು. ಆ ವರ್ಷ ಕ್ಯಾಪ್ ಸರಿಯಾಗಿ ಶೇ. 10 ಏರಿ 15.46 ಕೋಟಿ ಡಾಲರಿಗೆ ಬಂದು ನಿಂತಿತು.