ಮ್ಯಾನ್ ಪುಟಗಳಲ್ಲಿ ಅಕ್ಷರ ಸಂಕೇತದ ಸಮಸ್ಯೆ

ಯೂನಿಕ್ಸ್ ಮತ್ತು ಲಿನಕ್ಸ್ ಗಣಕಗಳಲ್ಲಿ ಕಮಾಂಡುಗಳ ಬಳಕೆಯನ್ನು ವಿವರಿಸುವ ಕೈಪಿಡಿಯೇ ಮ್ಯಾನ್ ಪುಟ. ಇದನ್ನು ಟರ್ಮಿನಲ್‌ನಲ್ಲಿ ತೆರೆದಾಗ ಅಡ್ಡಗೆರೆ, ಉದ್ಧರಣ ಚಿಹ್ನೆ ಅಥವಾ ಇಂಗ್ಲಿಷೇತರ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಗುರುತುಗಳು ಮೂಡುವುದುಂಟು. ಪಠ್ಯ ಹೊರಟದ್ದು ಒಂದು ಸಂಕೇತದಲ್ಲಿ, ಟರ್ಮಿನಲ್ ಅದನ್ನು ಓದಿಕೊಂಡದ್ದು ಇನ್ನೊಂದರಲ್ಲಿ ಎಂಬುದೇ ಇದಕ್ಕೆ ಕಾರಣ.

ಹಿನ್ನೆಲೆ

ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ರೂಪಿಸಿದ ಯೂನಿಕ್ಸ್ ಕೈಪಿಡಿಯ ಮೊದಲ ಆವೃತ್ತಿ 1971ರ ನವೆಂಬರ್ 3ರಂದು ಹೊರಬಂತು. ಮುಂದೆ ಜೋ ಒಸ್ಸಾನಾ ಟರ್ಮಿನಲ್‌ಗಾಗಿ ಎನ್‌ರಾಫ್, ಮುದ್ರಣಕ್ಕಾಗಿ ಟ್ರಾಫ್ ಎಂಬ ಪುಟ ಜೋಡಣೆಯ ತಂತ್ರಾಂಶಗಳನ್ನು ಬರೆದರು. ಟ್ರಾಫ್‌ನಲ್ಲಿ ಕೀಲಿಮಣೆಯ ಅಡ್ಡಗೆರೆಯನ್ನು ಹಾಗೆಯೇ ಒತ್ತಿದರೆ ಪದ ಕೂಡಿಸುವ ಗೆರೆ. ಅದರ ಹಿಂದೆ ಬ್ಯಾಕ್‌ಸ್ಲ್ಯಾಶ್ ಇಟ್ಟರೆ ಕಳೆಯುವ ಚಿಹ್ನೆ. ಆದರೆ 128 ಸ್ಥಾನಗಳ ಆಸ್ಕಿಯಲ್ಲಿ ಎರಡಕ್ಕೂ ಇದ್ದದ್ದು ಒಂದೇ ಗುರುತು. ತೆರೆಯ ಮೇಲೆ ವ್ಯತ್ಯಾಸ ಕಾಣದ ಕಾರಣ ಅನೇಕ ಲೇಖಕರು ಬ್ಯಾಕ್‌ಸ್ಲ್ಯಾಶನ್ನು ಕೈಬಿಟ್ಟರು. ಮುಂದಿನ ತೊಡಕಿನ ಬೇರು ಇಲ್ಲಿದೆ.

ಯುಟಿಎಫ್-8ರ ಕಾಲ

1987ರ ಐಎಸ್‌ಒ 8859-1 ಪಶ್ಚಿಮ ಯೂರೋಪಿನ ಭಾಷೆಗಳಿಗೆ ನೆರವಾಯಿತು. ಉಳಿದ ಭಾಷೆಗಳು ಬೇರೆ ಬೇರೆ ಸಂಕೇತಗಳಲ್ಲೇ ಉಳಿದವು. ತಾನು ಯಾವ ಸಂಕೇತದಲ್ಲಿದೆ ಎಂದು ಸಾದಾ ಪಠ್ಯದ ಕಡತ ಹೇಳುವುದಿಲ್ಲ. ಎಲ್ಲ ಲಿಪಿಗಳಿಗೂ ಒದಗುವ ಯುಟಿಎಫ್-8 ಅನ್ನು 1992ರಲ್ಲಿ ಥಾಂಪ್ಸನ್ ಮತ್ತು ರಾಬ್ ಪೈಕ್ ರಚಿಸಿದರು.

2002ರಲ್ಲಿ ರೆಡ್ ಹ್ಯಾಟ್ ಲಿನಕ್ಸ್ 8.0 ಯುಟಿಎಫ್-8 ಅನ್ನು ಸಹಜ ಆಯ್ಕೆಯಾಗಿಸಿತು. ಟ್ರಾಫ್‌ನಂತೆಯೇ ಪುಟ ಜೋಡಿಸುವ, ಜೇಮ್ಸ್ ಕ್ಲಾರ್ಕ್ ಆರಂಭಿಸಿದ್ದ ಗ್ರಾಫ್ ತಂತ್ರಾಂಶ ಇಂತಹ ಪರಿಸರದಲ್ಲಿ ಪದ ಕೂಡಿಸುವ ಗೆರೆಗೆ ಯೂನಿಕೋಡಿನ ಪ್ರತ್ಯೇಕ ಅಕ್ಷರವನ್ನೇ ಕಳುಹಿಸಬಲ್ಲದು. ಅದರ ಬೈಟುಗಳು 226, 128, 144. ಐಎಸ್‌ಒ 8859-1ರಲ್ಲಿ ಓದುವ ಟರ್ಮಿನಲ್ ಮೊದಲ ಬೈಟನ್ನು ಟೋಪಿ ಚಿಹ್ನೆ ಹೊತ್ತ ಲ್ಯಾಟಿನ್ ‘ಎ’ ಎಂದು ತೋರಿಸುತ್ತದೆ. ಉಳಿದೆರಡು ನಿಯಂತ್ರಣ ಸಂಕೇತಗಳಾಗಿಬಿಡುತ್ತವೆ. ಎಲ್ಲೆಡೆ ಯುಟಿಎಫ್-8 ಇದ್ದರೂ ಅಪಾಯ ಪೂರ್ತಿ ತಪ್ಪದು. ಪುಟದಿಂದ ನಕಲಿಸಿ ಅಂಟಿಸಿದ ಕಮಾಂಡಿನ ಆಯ್ಕೆಯಲ್ಲಿ ಕೀಲಿಮಣೆಯ ಅಡ್ಡಗೆರೆಯ ಬದಲು ಆ ಗೆರೆಯಿದ್ದರೆ, ಕಣ್ಣಿಗೆ ಸರಿಯಾಗಿ ಕಂಡರೂ ಕಮಾಂಡ್ ಅದನ್ನು ಆಯ್ಕೆಯೆಂದು ಗುರುತಿಸುವುದಿಲ್ಲ.

ಪರಿಹಾರಗಳು

ಗ್ರಾಫ್ 1.20 ಆವೃತ್ತಿ 2009ರಲ್ಲಿ ಪ್ರಿಕಾನ್ವ್ ಎಂಬ ಪರಿವರ್ತಕವನ್ನು ತಂದಿತು. ಅಂದಿನಿಂದ ಯುಟಿಎಫ್-8ರಲ್ಲಿ ಬರೆದ ಮೂಲವನ್ನು ಗ್ರಾಫ್ ಸ್ವೀಕರಿಸುತ್ತದೆ. ಮ್ಯಾನ್ ಪುಟಗಳನ್ನು ತೆರೆಯುವ ಮ್ಯಾನ್-ಡಿಬಿ ತಂತ್ರಾಂಶವೂ ಹಳೆಯ ಸಂಕೇತದ ಪುಟಗಳನ್ನು ಪರಿವರ್ತಿಸಿ ತೋರಿಸುತ್ತದೆ. ಅಡ್ಡಗೆರೆಯ ವಿವಾದ 2023ರ ಗ್ರಾಫ್ 1.23ರೊಂದಿಗೆ ಮತ್ತೆ ಎದ್ದಿತು. ಎರಡು ಗೆರೆಗಳನ್ನು ಅದು ಕಟ್ಟುನಿಟ್ಟಾಗಿ ಬೇರ್ಪಡಿಸಿದಾಗ, ಡೆಬಿಯನ್ ಎಂಬ ಲಿನಕ್ಸ್ ವಿತರಣೆ ತನ್ನ ಬಳಕೆದಾರರಿಗಾಗಿ ಹಳೆಯ ರೂಢಿಯನ್ನೇ ಉಳಿಸಿಕೊಂಡಿತು.

ಕನ್ನಡ

ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳ ವಿಭಾಗವಿದೆ. ಯುಟಿಎಫ್-8ರಲ್ಲಿ ಅದರ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕು. ‘ಕ’ ಎಂದರೆ 224, 178, 149. ಹೀಗಾಗಿ ಸಂಕೇತ ತಪ್ಪಿದರೆ ಇಂಗ್ಲಿಷ್ ಪುಟದಲ್ಲಿ ಕೆಲವು ಗುರುತುಗಳು ಕೆಡುತ್ತವೆ, ಕನ್ನಡ ಪುಟ ಇಡಿಯಾಗಿ ಕೆಡುತ್ತದೆ. ಸಂಕೇತ ಹೊಂದಿದ ಮೇಲೂ ಸಮಾನ ಅಗಲದ ಚೌಕಗಳಲ್ಲಿ ಅಕ್ಷರ ಕೂರಿಸುವ ಟರ್ಮಿನಲ್‌ಗಳು ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸದೆ ಹೋಗಬಹುದು.

ಕಡತ, ಜೋಡಣೆಯ ತಂತ್ರಾಂಶ, ಪುಟ ತಿರುವುವ ಲೆಸ್, ಟರ್ಮಿನಲ್ ಈ ನಾಲ್ಕೂ ಒಂದೇ ಸಂಕೇತವನ್ನು ಒಪ್ಪಿದಾಗ, ಇಲ್ಲವೇ ನಡುವೆ ಸರಿಯಾದ ಪರಿವರ್ತನೆ ನಡೆದಾಗ ಮಾತ್ರ ಪುಟ ಸ್ವಚ್ಛವಾಗಿ ಕಾಣುತ್ತದೆ. ಕೈಪಿಡಿ ಬರೆಯುವವರು ಕಡತವನ್ನು ಯುಟಿಎಫ್-8ರಲ್ಲೇ ಉಳಿಸಬೇಕು, ಕಮಾಂಡಿನ ಆಯ್ಕೆಗಳಲ್ಲಿ ಅಡ್ಡಗೆರೆಯ ಹಿಂದೆ ಬ್ಯಾಕ್‌ಸ್ಲ್ಯಾಶ್ ಇಡುವುದನ್ನು ಮರೆಯಬಾರದು.