ಕಾಲಾಣೆಯ ಕಾರ್ಡು, ಕಾಸಿಲ್ಲದ ಇ-ಮೇಲ್

ತೆಂಗಿನ ಸೀಮೆಯಾದ ಶೆಟ್ಟಿಕೆರೆಯ ಸುತ್ತಮುತ್ತ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿರುತ್ತದೆ. ಒಳಗಿನ ನೀರು ಇಂಗಿ, ಚಿಪ್ಪಿನೊಳಗೆ ಗಿಟುಕು ಅಲುಗಾಡಿ ಸದ್ದು ಮಾಡಿದರೆ ಉಂಡೆ ಕೊಬ್ಬರಿ ಸಿದ್ಧವಾಯಿತೆಂದು ಅರ್ಥ. ಆಮೇಲೆ ಬೆಳೆಗಾರ ಕಾಯುವುದು ತಿಪಟೂರು ಮಾರುಕಟ್ಟೆಯ ಧಾರಣೆಗಾಗಿ. ವರ್ಷದ ದುಡಿಮೆಯ ಫಲ ಆ ಒಂದು ಸುದ್ದಿಯ ಮೇಲೆ ನಿಂತಿರುತ್ತದೆ. ವ್ಯಾಪಾರವೆಂದರೆ ಸರಕಿನಷ್ಟೇ ಸುದ್ದಿಯ ಸಾಗಾಟವೂ ಹೌದು.

ಮೈಸೂರು ಸೀಮೆಯಲ್ಲಿ ಈ ಸಾಗಾಟಕ್ಕೆ ಹಳೆಯ ಚರಿತ್ರೆಯಿದೆ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆಯನ್ನು ಸ್ಥಾಪಿಸಿದರು. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿಹೋಯಿತು. ಅದಕ್ಕೆ ಹತ್ತು ವರ್ಷ ಮುಂಚೆ, 1879ರ ಜುಲೈನಲ್ಲಿ, ಕಾಲಾಣೆಯ ಪೋಸ್ಟ್ ಕಾರ್ಡು ಬಂದಿತ್ತು. ಧಾರಣೆ ತಿಳಿಸಲು, ಸರಕು ಬಂದಿದೆ ಎನ್ನಲು, ಬಾಕಿ ನೆನಪಿಸಲು ನಾಡಿನ ವರ್ತಕರಿಗೆ ಇದಕ್ಕಿಂತ ಅಗ್ಗದ ಸಾಧನವಿರಲಿಲ್ಲ. ಅಗ್ಗವಾದರೂ ಅದು ಪುಕ್ಕಟೆಯಲ್ಲ. ಪ್ರತಿ ಕಾರ್ಡಿಗೂ ಕಾಸು ಬೀಳುತ್ತಿದ್ದುದರಿಂದ ಯಾರಿಗೆ ಬರೆಯಬೇಕು, ಏನನ್ನು ಬರೆಯಬೇಕು ಎಂದು ವರ್ತಕ ಯೋಚಿಸುತ್ತಿದ್ದ. ಅವನ ವಿಳಾಸದ ಪುಸ್ತಕದಲ್ಲಿ ಇದ್ದವರು ಗುರುತಿನ ಗಿರಾಕಿಗಳು.

ಇ-ಮೇಲ್ ಈ ಕಡಿವಾಣವನ್ನೇ ತೆಗೆದುಹಾಕಿತು. 1978ರ ಮೇ 3ರಂದು ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥರ್ಕ್, ಆಗಿನ ಅರ್ಪಾನೆಟ್ ಜಾಲದಲ್ಲಿದ್ದ ಸುಮಾರು 400 ಮಂದಿಗೆ ಹೊಸ ಕಂಪ್ಯೂಟರಿನ ಪ್ರಚಾರಪತ್ರವನ್ನು ಒಟ್ಟಿಗೇ ಕಳುಹಿಸಿದ. ಕೇಳದೆ ಬಂದ ಆ ಪತ್ರಕ್ಕೆ ಸಿಟ್ಟಿನ ಉತ್ತರಗಳು ಬಂದವು. ಇಂದು ನಾವು 'ಸ್ಪ್ಯಾಮ್' ಎನ್ನುವುದರ ಮೊದಲ ಪ್ರಕರಣವೆಂದು ಅದನ್ನೇ ಗುರುತಿಸುತ್ತಾರೆ.

ಇದಕ್ಕೆ ಪ್ರತಿಯಾದ ಉದಾಹರಣೆಯೊಂದಕ್ಕೆ ಬೆಂಗಳೂರಿನ ನಂಟಿದೆ. ಇಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ, ಜಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದರು. ಅದರಿಂದ ಹೋಗುವ ಪ್ರತಿ ಪತ್ರದ ಅಡಿಯಲ್ಲೂ, ನೀವೂ ಉಚಿತ ವಿಳಾಸ ಪಡೆಯಿರಿ ಎಂಬ ಒಂದು ಸಾಲು ಇರುತ್ತಿತ್ತು. 1997ರ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಕೊಳ್ಳುವ ಹೊತ್ತಿಗೆ ಬಳಕೆದಾರರು 80 ಲಕ್ಷ ದಾಟಿದ್ದರು. ಥರ್ಕ್‌ನ ಪತ್ರ ಬಂದದ್ದು ಅಪರಿಚಿತನಿಂದ. ಹಾಟ್‌ಮೇಲಿನ ಸಾಲು ಬಂದದ್ದು ಸ್ನೇಹಿತನ ಪತ್ರದ ಜೊತೆಗೆ. ವ್ಯತ್ಯಾಸವಿರುವುದು ಅಲ್ಲೇ.

ಕಾನೂನೂ ಈ ವ್ಯತ್ಯಾಸವನ್ನು ಒಪ್ಪಿಕೊಂಡಿದೆ. ಅಮೆರಿಕದ 2003ರ ಕಾಯ್ದೆಯ ಪ್ರಕಾರ ವ್ಯಾಪಾರದ ಇ-ಮೇಲಿನಲ್ಲಿ 'ಇನ್ನು ಸಾಕು' ಎನ್ನಲು ದಾರಿ ಇರಲೇಬೇಕು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವ್ಯಕ್ತಿಯ ಸಮ್ಮತಿಗೆ ಮಹತ್ವ ಕೊಟ್ಟಿದೆ.

ಇದರಿಂದ ಶೆಟ್ಟಿಕೆರೆಯಂಥ ಊರಿಗೆ ಆಗಬೇಕಾದುದೇನು? ಕೊಬ್ಬರಿ ಎಣ್ಣೆಯ ಗಾಣ ಇಟ್ಟವರೊಬ್ಬರು ದೂರದ ಊರುಗಳ ಗಿರಾಕಿಗಳಿಗೆ ಇ-ಮೇಲ್ ಬರೆಯಲು ಹೊರಟರೆನ್ನಿ. ಎಲ್ಲಿಂದಲೋ ಕೊಂಡುತಂದ ಸಾವಿರ ವಿಳಾಸಕ್ಕಿಂತ, ಒಮ್ಮೆ ಎಣ್ಣೆ ಕೊಂಡು ತಾವಾಗಿಯೇ ವಿಳಾಸ ಕೊಟ್ಟ ಐವತ್ತು ಮಂದಿ ಮೇಲು. ಪತ್ರದಲ್ಲಿ ಏನಿದೆ ಎಂಬುದು ಶೀರ್ಷಿಕೆಯಲ್ಲೇ ತಿಳಿಯಬೇಕು. ಹೊಸ ಎಣ್ಣೆ ಬಂದಾಗ, ಬೆಲೆ ಬದಲಾದಾಗ ಬರೆದರೆ ಸಾಕು. ಬೇಡವೆಂದವರ ಹೆಸರನ್ನು ಕೂಡಲೇ ತೆಗೆಯಬೇಕು. ಹಲವರು ಒಂದು ಪತ್ರವನ್ನು 'ಸ್ಪ್ಯಾಮ್' ಎಂದು ಗುರುತು ಮಾಡಿದರೆ, ಆ ಕಳುಹಿಸಿದವರ ಮುಂದಿನ ಪತ್ರಗಳೂ ಕಸದ ಪೆಟ್ಟಿಗೆಗೆ ಬೀಳತೊಡಗುತ್ತವೆ. ಓದಬೇಕೆಂದಿದ್ದ ಗಿರಾಕಿಗೂ ಅವು ಕಾಣುವುದಿಲ್ಲ.

ಕಾರ್ಡಿನ ಬೆಲೆ ಕಾಲಾಣೆ ಎಂದು ಅದರ ಮೇಲೇ ಅಚ್ಚಾಗಿತ್ತು. ಇ-ಮೇಲಿಗೂ ಬೆಲೆಯಿದೆ, ಆದರೆ ಅದು ಮೇಲೆ ಕಾಣುವುದಿಲ್ಲ: ಗಿರಾಕಿಯ ನಂಬಿಕೆಯೇ ಆ ಬೆಲೆ. ದುಂದು ಮಾಡಿದರೆ ಅದು ಬಲು ಬೇಗ ಮುಗಿದುಹೋಗುತ್ತದೆ.